ಕೇಳ್ರಿ, ಮಾತಾಡೋಣ: "ಅದಲ್ಲ, ಒರಿಜಿನಲ್ ಊರು ಯಾವುದು?"

ಈ ಸಲ ಅತ್ತೆ-ಸೊಸೆ ಪತ್ರಗಳನ್ನೆಲ್ಲ ಪಕ್ಕಕ್ಕೆ ಇಟ್ಟಿದ್ದೇನೆ. ಬೇಜಾರಾಗಬೇಡಿ, ಮುಂದಿನ ಸಲ ಅವೇ. ಮುಖ, ಬಣ್ಣ, ಕೂದಲು ನೋಡಿ ಜನ 'ನೀನು ಇಂಥವನು' ಅಂತ ತೀರ್ಮಾನ ಮಾಡಿಬಿಡುತ್ತಾರಲ್ಲ, ಅದರ ಮೇಲೆ ನಾಲ್ಕು ಪತ್ರ ಒಟ್ಟಿಗೆ ಬಂದಿವೆ. ಎರಡಕ್ಕೆ ಉದ್ದ ಉತ್ತರ ಬೇಕಿತ್ತು, ಇನ್ನೆರಡಕ್ಕೆ ಬೇಕಿರಲಿಲ್ಲ.

ಪ್ರಶ್ನೆ: ನನಗೆ 22 ವರ್ಷ. ಅಪ್ಪ ದಾವಣಗೆರೆಯವರೇ, ಅಜ್ಜ ಇಲ್ಲಿನ ಕಾಟನ್ ಮಿಲ್‌ನಲ್ಲಿ ದುಡಿದವರು. ಅಮ್ಮ ಮಿಜೋರಾಂನ ಐಜ್ವಾಲ್‌ನವರು, ನರ್ಸಿಂಗ್ ಓದೋಕೆ ಬಂದು ಇಲ್ಲೇ ಉಳಿದರು. ನಾನು ಹುಟ್ಟಿದ್ದು, ಓದಿದ್ದು ಎಲ್ಲಾ ಇಲ್ಲೇ. ಮುಖ ಮಾತ್ರ ಅಮ್ಮಂದು. ಬೆಣ್ಣೆ ದೋಸೆ ತಿನ್ನೋಕೆ ಹೋದರೆ ಅಪ್ಪನ ಹತ್ತಿರ ಕನ್ನಡ, ಪಕ್ಕದಲ್ಲೇ ಕೂತ ನನ್ನ ಹತ್ತಿರ ಹಿಂದಿ. ನಾನು ಕನ್ನಡದಲ್ಲಿ ಹೇಳಿದರೂ ಉತ್ತರ ಹಿಂದಿಯಲ್ಲೇ ಬರುತ್ತೆ. ಆಟೋದವರು 'ನೇಪಾಳಾನಾ?' ಅಂತಾರೆ. ಪಿಯುಸಿಯಲ್ಲಿ ಒಬ್ಬ 'ಏ ಕೊರೋನಾ' ಅಂತ ಕರೆದ, ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನನ್ನ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟು. ಐಜ್ವಾಲ್‌ಗೆ ಹೋದರೆ ಅಲ್ಲಿನ ಕೆಲವರು 'ವಾಯ್' ಅಂತಾರೆ, ಅಂದರೆ ಬಯಲು ಕಡೆಯಿಂದ ಬಂದ ಹೊರಗಿನವಳು ಅಂತ. ಹಾಗಾದರೆ ನಾನು ಯಾರು? ಅರ್ಧ ಇಲ್ಲಿ, ಅರ್ಧ ಅಲ್ಲಿನಾ? – ಹೆಸರು ಬೇಡ, ದಾವಣಗೆರೆ

ಉತ್ತರ: ನೀನು ಅಂತಲೇ ಕರೆಯುತ್ತೇನೆ, ನನ್ನ ಮಗಳಿಗಿಂತ ಚಿಕ್ಕವಳು. ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ನಮ್ಮೂರಿಗೆ ಟಿಬೆಟಿನವರು ಸ್ವೆಟರ್ ಮಾರೋಕೆ ಬರುತ್ತಾರಲ್ಲ, ಅಲ್ಲಿ ಒಂದು ಕೆಂಪು ಕಾರ್ಡಿಗನ್ ಕೈಯಲ್ಲಿ ಹಿಡಿದುಕೊಂಡು ಅಂಗಡಿಯ ಹೆಂಗಸಿನ ಹತ್ತಿರ ನನ್ನ ಹರಕು ಹಿಂದಿಯಲ್ಲಿ ರೇಟು ಕೇಳಿದೆ. ಆಕೆ, "ಆರುನೂರೈವತ್ತು ಅಕ್ಕಾ, ಚೌಕಾಸಿ ಕನ್ನಡದಾಗೇ ಮಾಡ್ರಿ, ನಿಮ್ಮ ಹಿಂದಿ ನನಗೆ ತಿಳಿಯಂಗಿಲ್ಲ" ಅಂದಳು. ಮುಂಡಗೋಡದಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ಟಿಬೆಟಿಯನ್ ಕ್ಯಾಂಪ್ ಶುರುವಾಗಿದ್ದು 1966ರಲ್ಲಿ, ನಾನೇ ಆಮೇಲೆ ಹುಟ್ಟಿದವಳು. ಕಾರ್ಡಿಗನ್ನನ್ನು ಚೌಕಾಸಿ ಮಾಡದೆ ತಗೊಂಡೆ, ದಂಡ ಕಟ್ಟಿದೆ ಅಂದುಕೊಂಡು.

ಆಮೇಲೆ ಯೋಚನೆ ಮಾಡಿದರೆ, ನಾನು ಬರೋದಕ್ಕೆ ಮುಂಚೆ ಆಕೆ ಪಕ್ಕದ ಗಿರಾಕಿ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದಳು. ನನ್ನ ಕಿವಿಗೆ ಬಿದ್ದಿತ್ತು ಕೂಡ. ಆದರೆ ಕಣ್ಣು ಮೊದಲೇ ತೀರ್ಪು ಕೊಟ್ಟಾಗಿತ್ತು, ಕಿವಿಯ ಸಾಕ್ಷಿ ಯಾರು ಕೇಳ್ತಾರೆ? ಅಮೆರಿಕದಲ್ಲಿ ಡೊನಾಲ್ಡ್ ರೂಬಿನ್ ಅನ್ನೋರು ಇದನ್ನೇ ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದರು. ಅಲ್ಲಿನವಳೇ ಆದ, ಇಂಗ್ಲಿಷೇ ಮನೆಮಾತಾದ ಒಬ್ಬಳ ಪಾಠವನ್ನು ರೆಕಾರ್ಡ್ ಮಾಡಿ ಕಾಲೇಜು ಹುಡುಗರಿಗೆ ಕೇಳಿಸಿದರು. ಕೆಲವರಿಗೆ ಬಿಳಿ ಹೆಂಗಸಿನ ಫೋಟೊ ತೋರಿಸಿದರು, ಕೆಲವರಿಗೆ ಚೀನಾ ಕಡೆಯ ಮುಖದವಳ ಫೋಟೊ. ದನಿ ಒಂದೇ, ಟೇಪು ಒಂದೇ. ಆದರೆ ಎರಡನೇ ಫೋಟೊ ನೋಡಿದವರಿಗೆ ಪಾಠ ಕಡಿಮೆ ಅರ್ಥವಾಯಿತು, ಇಲ್ಲದ ಪರದೇಶಿ ಧಾಟಿ ಬೇರೆ ಕೇಳಿಸಿತು! ನಿನಗೆ ಹಿಂದಿಯಲ್ಲಿ ಉತ್ತರ ಕೊಡುವ ದೋಸೆ ಹೋಟೆಲಿನ ಹುಡುಗನ ಕಥೆಯೂ ಇಷ್ಟೇ. ಅವನಿಗೆ ನಿನ್ನ ಕನ್ನಡ ಕೇಳಿಸಿಯೇ ಇಲ್ಲ. ಹಾಗಂತ ಅವನನ್ನು ಕ್ಷಮಿಸಲೇಬೇಕು ಅಂತಲ್ಲ, ನಿನ್ನ ಕನ್ನಡದಲ್ಲಿ ಏನೋ ಕೊರತೆ ಇದೆ ಅಂತ ನೀನು ಕೊರಗಬೇಡ ಅಂತ ಹೇಳ್ತಿದ್ದೇನೆ. ಅವನ ಮುಂದೆ ಗಾದೆ ಹೇಳಿ, ವಚನ ಒಪ್ಪಿಸಿ ಪಾಸಾಗೋ ಅಗತ್ಯವಿಲ್ಲ. ನಿನ್ನ ಪಕ್ಕದ ಟೇಬಲ್ಲಿನವರಿಗೆ ಯಾರೂ ಪರೀಕ್ಷೆ ಇಟ್ಟಿಲ್ಲ, ಅಲ್ವಾ? ಎರಡನೇ ಸಲ ಹಿಂದಿ ಬಂದರೆ ಸುಮ್ನೆ ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಂದು ಸಲ ಹೇಳು: "ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಿಸ್ರಿ." ಸಾಕು.

ಇನ್ನು 'ಯಾವೂರು?' ಪ್ರಶ್ನೆ. ನಮ್ಮ ಸೀಮೆಯಲ್ಲಿ ಅದು ನಮಸ್ಕಾರ ಇದ್ದ ಹಾಗೆ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ನನಗೂ ಕೇಳ್ತಾಳೆ, "ಯಾವೂರವ್ವ? ಯಾರ ಪೈಕಿ?" (ಆ ಎರಡನೇದರಲ್ಲಿ ಜಾತಿ ಅಡಗಿ ಕೂತಿರುತ್ತೆ, ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.) ವ್ಯತ್ಯಾಸ ಎಲ್ಲಿದೆ ಅಂದರೆ, ನಾನು ದಾವಣಗೆರೆ ಅಂದರೆ ಅಜ್ಜಿ ಎಲೆ ಅಡಿಕೆ ಚೀಲ ತೆಗೆಯುತ್ತಾಳೆ, ಊರಿನ ಮಾತು ಅಲ್ಲಿಗೆ ಮುಗೀತು. ನೀನು ದಾವಣಗೆರೆ ಅಂದರೆ ಮುಗಿಯೋದಿಲ್ಲ. "ಅದಲ್ಲ, ಒರಿಜಿನಲ್ ಊರು?" ಅಂತ ಬರುತ್ತೆ. ಚುಚ್ಚೋದು ಆ 'ಅದಲ್ಲ' ಅನ್ನೋ ಪದ. ನೀನು ಕೊಟ್ಟ ಉತ್ತರ ಸುಳ್ಳು, ನಿನ್ನ ಮುಖ ಹೇಳೋದು ನಿಜ ಅಂದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲನೇ ಪ್ರಶ್ನೆಗೆ ಎಲ್ಲರಿಗೂ ಉತ್ತರ ಕೊಡು, ಎರಡನೇದಕ್ಕೆ ಮನಸ್ಸಿಗೆ ಬಂದವರಿಗೆ ಮಾತ್ರ ಕೊಡು. ಅಜ್ಜಿಗೆ ಬೇಕಾದರೆ ಅಮ್ಮನ ಕಥೆ ಪೂರ್ತಿ ಹೇಳು, ಅವಳು ಕಣ್ಣರಳಿಸಿ ಕೇಳ್ತಾಳೆ, ಮೊಮ್ಮಗಳಿಗೂ ಹೇಳ್ತಾಳೆ. ಆಟೋದವನಿಗೆ "ಮೀಟರ್ ಹಾಕ್ರಿ" ಅಂದರೆ ಸಾಕು.

ನೀನೊಬ್ಬಳೇ ಅಲ್ಲ ಕಣೆ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ ಅಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶ. ಕನ್ನಡ, ಕೊಂಕಣಿ ಮಾತಾಡುತ್ತಾರೆ, ಶತಮಾನಗಳಿಂದ ಇಲ್ಲೇ ಇದ್ದಾರೆ, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೂ ಹೋದರು. ಆದರೂ ಬೇರೆ ಊರಿಗೆ ಬಂದರೆ ಸಿದ್ದಿ ಹುಡುಗರನ್ನು ಜನ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಯಾವ ದೇಶ ಅಂತಾರೆ. ಇವರ ಮುಂದೆ ನಾನು, ನೀನು ಇಬ್ಬರೂ ನಿನ್ನೆ ಮೊನ್ನೆ ಬಂದವರ ಹಾಗೆ. ಎಷ್ಟೋ ಮನೆತನಗಳ ಕಥೆ ಇಷ್ಟೇ. ನಿಮ್ಮ ಅಜ್ಜ ದುಡಿದ ಮಿಲ್ಲಿಗೇ ಎಲ್ಲೆಲ್ಲಿಂದ ಜನ ಬಂದಿದ್ದರು ಅಂತ ಅವರನ್ನೇ ಕೇಳಿ ನೋಡು.

ಕೊರೋನಾ ಅಂದಾಗ ನಕ್ಕಿದ್ದು. ಅದರ ಬಗ್ಗೆ ನನಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಅನ್ನಿಸಿದೆ. ಹದಿನಾರು, ಹದಿನೇಳರ ಹುಡುಗಿ ಕ್ಲಾಸಿನ ಮಧ್ಯೆ ಒಬ್ಬಳೇ ನಿಂತು ನಗದೆ ಇರೋದು ಸುಲಭ ಅಲ್ಲ. ಆ ನಗು ನಿನ್ನ ತಪ್ಪಲ್ಲ, ಅದೊಂದು ಕೊಡೆ, ಆ ಹೊತ್ತಿಗೆ ಸಿಕ್ಕಿದ್ದು ಅದೇ. ಆದರೆ ಇಂಥ ತಮಾಷೆ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಾವು ಕಂಡಿದ್ದೇವೆ. 2012ರ ಆಗಸ್ಟಿನಲ್ಲಿ 'ಹಲ್ಲೆ ಮಾಡ್ತಾರಂತೆ' ಅನ್ನೋ ಬರೀ ವದಂತಿಗೆ ಹೆದರಿ ಬೆಂಗಳೂರಿನಿಂದ ಸಾವಿರಾರು ಜನ ಈಶಾನ್ಯದವರು ಗುವಾಹಟಿ ರೈಲು ಹತ್ತಿದರು. 2014ರ ಜನವರಿಯಲ್ಲಿ ದೆಹಲಿಯ ಲಾಜ್‌ಪತ್ ನಗರದಲ್ಲಿ ಅರುಣಾಚಲದ ನಿಡೋ ತಾನಿಯಾ ಅನ್ನೋ ಹುಡುಗನ ಕೂದಲು ನೋಡಿ ಗೇಲಿ ಮಾಡಿದರು. ಜಗಳ ಆಯಿತು, ಹೊಡೆದರು, ಹುಡುಗ ಸತ್ತೇ ಹೋದ. ಅದಾದ ಮೇಲೆ ಸರ್ಕಾರ ಬೆಜಬರುವಾ ಸಮಿತಿ ಮಾಡಿತು, ಇಂಥ ಬೈಗುಳ, ಹಲ್ಲೆಗೆ ಹೊಸ ಕಾನೂನು ತರಬೇಕು, ಇಲ್ಲವೇ ಇರುವ ಕಾನೂನನ್ನು ತಿದ್ದಬೇಕು ಅಂತ ಸಮಿತಿ ಹೇಳಿತು. ಹಾಗಾಗಿ ಈಗ ಯಾರಾದರೂ ಆ ಥರ ಕರೆದರೆ ನಗಬೇಡ. ಜಗಳವೂ ಬೇಡ. "ಏನಂದ್ರಿ? ಇನ್ನೊಂದು ಸಲ ಹೇಳ್ರಿ" ಅಂತ ಕೇಳು. ಎರಡನೇ ಸಲ ಹೇಳೋಕೆ ಹೆಚ್ಚಿನವರಿಗೆ ಬಾಯಿ ಬರೋದಿಲ್ಲ.

ಕೊನೆಗೆ ನಿನ್ನ 'ಅರ್ಧ'. ಅಮ್ಮ ರಾತ್ರಿ ಡ್ಯೂಟಿ ಮುಗಿಸಿ ಬಂದು ನಿನಗೆ ಜಡೆ ಹಾಕುವಾಗ ಅರ್ಧ ಅಮ್ಮ ಆಗಿದ್ದಳಾ? ನಿನಗೆ ಎರಡು ಊರಿವೆ, ಎರಡೂ ಪೂರ್ತಿ. ವಾಯ್ ಅಂದವರಿಗೆ ನಿನ್ನ ಅಜ್ಜಿಯ ಮನೆ ಯಾವ ಬೀದಿಯಲ್ಲಿದೆ ಅಂತ ಹೇಳು. ಮಿಜೋ ಭಾಷೆ ಬರುತ್ತಾ ಇಲ್ಲವಾ ಅಂತ ಬರೆದಿಲ್ಲ. ಬರದಿದ್ದರೆ ಅಮ್ಮನ ಹತ್ತಿರ ಕಲಿ, ಯಾರಿಗೂ ತೋರಿಸೋಕಲ್ಲ. ಇಷ್ಟು ವರ್ಷ ಅಮ್ಮ ನಮ್ಮ ಭಾಷೆಯಲ್ಲಿ ಬದುಕಿದ್ದಾರೆ, ಮನೆಯಲ್ಲಿ ಒಬ್ಬರಾದರೂ ಅವರ ಭಾಷೆಯಲ್ಲಿ ಊಟ ಆಯ್ತಾ ಅಂತ ಕೇಳಲಿ.

ಪ್ರಶ್ನೆ: ಎಂಜಲು ಕಳಿಸಿದರೆ ಡಿಎನ್‌ಎ ನೋಡಿ ನಮ್ಮ ಮೂಲ ಯಾವುದು ಅಂತ ಹೇಳ್ತಾರಂತೆ. ನಮ್ಮ ಮನೆಯಲ್ಲಿ ಎಲ್ಲರೂ ಬೆಳ್ಳಗೆ, ಮೂಗು ನೇರ. ನಾವು ಬೆರಕೆ ಇಲ್ಲದ ಶುದ್ಧ ಜನ ಅಂತ ಚಿಕ್ಕಪ್ಪ ಹೇಳ್ತಾರೆ. ಟೆಸ್ಟ್ ಮಾಡಿಸಲಾ? – ಹಿರಿಯೂರಿನ ಯುವಕ

ಉತ್ತರ: ದುಡ್ಡು ಉಳಿಸಿಕೊಳ್ಳಿ, ಉತ್ತರ ನಾನೇ ಪುಕ್ಕಟೆ ಹೇಳ್ತೇನೆ: ನೀವೂ ಬೆರಕೆ, ನಾನೂ ಬೆರಕೆ, ಚಿಕ್ಕಪ್ಪನಂತೂ ಖಂಡಿತ. ಹೈದರಾಬಾದಿನ ಸಿಸಿಎಂಬಿ ಅನ್ನೋ ಜೀವಕೋಶ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಮೆರಿಕದವರ ಜೊತೆ ಸೇರಿ 2009ರಲ್ಲಿ ತೋರಿಸಿದ್ದೇ ಇದು. ಅವರು ಪರೀಕ್ಷೆ ಮಾಡಿದ ನಮ್ಮ ನಾಡಿನ ಹೆಚ್ಚುಕಡಿಮೆ ಎಲ್ಲ ಗುಂಪುಗಳಲ್ಲೂ, ಮೇಲಿನವರು ಕೆಳಗಿನವರು ಅನ್ನದೆ, ಎರಡು ಹಳೇ ಮೂಲಗಳು ಬೆರೆತಿವೆ. ಪ್ರಮಾಣ ಹೆಚ್ಚು ಕಡಿಮೆ ಅಷ್ಟೇ. 2013ರಲ್ಲಿ ಇನ್ನೊಂದು ಲೆಕ್ಕ ಬಂತು: ಈ ಬೆರಕೆ ಜೋರಾಗಿ ನಡೆದಿದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ. ಆಮೇಲೆ ಒಳಗೊಳಗೇ ಮದುವೆ ಶುರುವಾಯಿತು. ಚಿಕ್ಕಪ್ಪ ಹೇಳುವ ಶುದ್ಧ ಅನ್ನೋದು ಆ ಬಾಗಿಲು ಹಾಕಿದ ಮೇಲಿನ ಕಥೆ.

ಆ ಎಂಜಲು ಪರೀಕ್ಷೆ ಕಂಪನಿಗಳು ನಿಮ್ಮ ಡಿಎನ್‌ಎಯನ್ನು ತಮ್ಮ ಹತ್ತಿರ ಇರುವ ಇವತ್ತಿನ ಜನರ ಪಟ್ಟಿಗೆ ಹೋಲಿಸಿ ಶೇಕಡಾ ಇಷ್ಟು ಅಂತ ಕೊಡುತ್ತವೆ. ಪಟ್ಟಿ ಬದಲಾದರೆ ನಿಮ್ಮ 'ಮೂಲ'ವೂ ಬದಲಾಗುತ್ತೆ. ಅಲ್ಲಿಗೆ ಅದು ಮೂಲಾನೋ, ಅಂದಾಜೋ?

ಮೊಳಕಾಲ್ಮೂರು ನಿಮಗೆ ಎಷ್ಟು ದೂರ? ಬೈಕಿನಲ್ಲಿ ಒಂದು ಭಾನುವಾರ ಬ್ರಹ್ಮಗಿರಿಗೆ ಹೋಗಿ ಬನ್ನಿ. ಅಲ್ಲಿನ ಅಶೋಕನ ಶಾಸನ ಬರೆದವನು ಕೊನೆಯಲ್ಲಿ 'ಚಪಡ' ಅಂತ ತನ್ನ ಹೆಸರು ಹಾಕಿದ್ದಾನೆ. ಶಾಸನ ಇರೋದು ಬ್ರಾಹ್ಮಿಯಲ್ಲಿ, ಆದರೆ ತಾನು ಲಿಪಿಕಾರ ಅಂತ ಹೇಳಿಕೊಳ್ಳುವ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಈಗಿನ ಪೇಶಾವರ ಕಡೆಯ ಲಿಪಿ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಅಲ್ಲಿನ ಅಕ್ಷರ ಕಲಿತವನೊಬ್ಬ ನಮ್ಮ ಬಂಡೆ ಮೇಲೆ ಕೈಚಳಕ ತೋರಿಸಿ ಹೋಗಿದ್ದಾನೆ. ಹೋದನೋ, ಇಲ್ಲೇ ಯಾರನ್ನಾದರೂ ಕಟ್ಟಿಕೊಂಡು ಉಳಿದನೋ, ಯಾರಿಗೆ ಗೊತ್ತು. ಚಿಕ್ಕಪ್ಪನ ನೇರ ಮೂಗು ಅವನದೇ ಇರಬಹುದು!

ಪ್ರಶ್ನೆ: ನನ್ನ ತಾಯಿಯ ತಂದೆ ಹುಬ್ಬಳ್ಳಿ ರೈಲ್ವೆಯಲ್ಲಿದ್ದ ಆಂಗ್ಲೋ ಇಂಡಿಯನ್. ನನಗೆ ಬೆಕ್ಕಿನ ಕಣ್ಣು, ಎಲ್ಲರೂ 'ಫಾರಿನ್ನಾ?' ಅಂತಾರೆ. ಕಾನೂನಿನ ಪ್ರಕಾರ ನಾನೂ ಆಂಗ್ಲೋ ಇಂಡಿಯನ್ನಾ? – ಹರಿಹರ

ಉತ್ತರ: ಅಲ್ಲ. ಸಂವಿಧಾನದ 366(2) ಪ್ರಕಾರ ಯುರೋಪಿನ ರಕ್ತ ತಂದೆಯ ಕಡೆಯಿಂದ, ಗಂಡಸರ ಸಾಲಿನಲ್ಲೇ ಬಂದಿರಬೇಕು. ಅಮ್ಮನ ಕಡೆಯಿಂದ ಬಂದಿದ್ದು ಲೆಕ್ಕಕ್ಕಿಲ್ಲ. ಕಣ್ಣು ಬಂದಿದೆ, ಕಾಗದ ಬಂದಿಲ್ಲ. ಲೋಕಸಭೆಗೆ ಇಬ್ಬರು ಆಂಗ್ಲೋ ಇಂಡಿಯನ್ನರನ್ನು ನಾಮನಿರ್ದೇಶನ ಮಾಡುವ ಪದ್ಧತಿಯೂ 2020ರ ಜನವರಿಗೆ ಮುಗಿಯಿತು, ಹಾಗಾಗಿ ಆ ಆಸೆಯೂ ಬೇಡ. ಅಜ್ಜನ ಹಳೇ ಫೋಟೊಗಳಿದ್ದರೆ ಅಮ್ಮ ಇರುವಾಗಲೇ ಹಿಂದುಗಡೆ ಪೆನ್ಸಿಲಿನಲ್ಲಿ ಹೆಸರು, ಊರು ಬರೆಸಿಟ್ಟುಕೊಳ್ಳಿ.

ಪ್ರಶ್ನೆ: ನಾನು ಚಿತ್ರದುರ್ಗದ ನಿವೃತ್ತ ಶಿಕ್ಷಕಿ. ಮಗಳು ಅಮೆರಿಕದಲ್ಲಿದ್ದಾಳೆ, ಅಳಿಯ ಅಲ್ಲಿನ ಕಪ್ಪು ಜನಾಂಗದವರು, ತುಂಬ ಒಳ್ಳೆಯ ಹುಡುಗ. ಮೊಮ್ಮಗಳಿಗೆ ಐದು ವರ್ಷ. ಬೇಸಿಗೆಗೆ ಎರಡು ತಿಂಗಳು ನನ್ನ ಹತ್ತಿರ ಬರುತ್ತಾಳೆ. ಹೋದ ಸಲ ಬಂದಾಗ ನೆಂಟರು "ಪಾಪ, ಬಣ್ಣ ಅಪ್ಪನದು" ಅಂದರು. ಓರಗಿತ್ತಿ ಕಡಲೆಹಿಟ್ಟು, ಅರಿಶಿನ ತಂದುಕೊಟ್ಟಳು. ಒಬ್ಬರು ನನ್ನ ಎದುರೇ "ಬೆರಕೆ ಕೂಸು" ಅಂದರು. ಈಗ ಫೋನಿನಲ್ಲಿ ಮಗು ಕೇಳುತ್ತೆ, "ಅಜ್ಜಿ, ನಾನು ಬ್ರೌನಾ, ಬ್ಲ್ಯಾಕಾ?" ಏನು ಹೇಳಲಿ? ಇನ್ನೊಂದು, ಅವಳ ಕೂದಲು ಬಾಚೋಕೆ ನನಗೆ ಬರೋದಿಲ್ಲ, ಅಳುತ್ತಾಳೆ. – ಅಜ್ಜಿ, ಚಿತ್ರದುರ್ಗ

ಉತ್ತರ: ಟೀಚರ್, ಬೆರಕೆ ಅಂದವರಿಗೆ ಮೊದಲು ಬೆರಕೆ ಸೊಪ್ಪಿನ ಸಾರು ಬಡಿಸಿ. ಸೊಪ್ಪು ಬೆರಕೆ ಆದರೆ ಎರಡು ಸಲ ಹಾಕಿಸಿಕೊಳ್ಳುತ್ತಾರೆ, ಕೂಸು ಬೆರಕೆ ಆದರೆ ಮೂಗು ಮುರೀತಾರೆ. ಕಡಲೆಹಿಟ್ಟು ವಾಪಸ್ ಕೊಡಬೇಡಿ, ಬಜ್ಜಿ ಕರಿಯಿರಿ. ಅದಕ್ಕೆ ಬಣ್ಣ ಬದಲಿಸುವ ಶಕ್ತಿ ಇಲ್ಲ, ಮಗುವಿಗೆ 'ನಿನ್ನಲ್ಲಿ ಏನೋ ತೊಳೆಯೋದಿದೆ' ಅಂತ ಕಲಿಸುವ ಶಕ್ತಿ ಮಾತ್ರ ಇದೆ. ಸ್ನಾನದ ಹಂಡೆ ಹತ್ತಿರ ಅದು ಬರದ ಹಾಗೆ ನೋಡಿಕೊಳ್ಳಿ.

ಮಗುವಿನ ಪ್ರಶ್ನೆ ಅವಳು ಸುಮ್ನೆ ಕೇಳಿದ್ದಲ್ಲ. ಆ ದೇಶದಲ್ಲಿ ಶಾಲೆ ಫಾರಂನಿಂದ ಹಿಡಿದು ಎಲ್ಲ ಕಡೆ ಜನಾಂಗಕ್ಕೆ ಒಂದು ಚೌಕ ಇರುತ್ತೆ, ಟಿಕ್ ಹಾಕಬೇಕು. ಅಲ್ಲಿ ಬಹಳ ಕಾಲ ಒಂದು ತೊಟ್ಟು ಕಪ್ಪು ರಕ್ತ ಇದ್ದರೂ ಪೂರ್ತಿ ಕಪ್ಪು ಅನ್ನುವ ನಿಯಮ ನಡೆಯುತ್ತಿತ್ತು. ವರ್ಜೀನಿಯಾದಲ್ಲಿ 1924ರಲ್ಲಿ ಅದನ್ನು ಕಾಯ್ದೆಯೇ ಮಾಡಿದರು. (ಹರಿಹರದವರಿಗೆ ಅಮ್ಮನ ಕಡೆಯ ರಕ್ತ ಲೆಕ್ಕಕ್ಕಿಲ್ಲ, ಅಲ್ಲಿ ಒಂದು ತೊಟ್ಟೂ ಲೆಕ್ಕ. ಬರೆಯುವವರ ಅನುಕೂಲ ನೋಡಿಕೊಂಡು ರಕ್ತ ಅಳೆಯುತ್ತಾರೆ ಅಷ್ಟೇ.) ಅದೇ ವರ್ಜೀನಿಯಾದಲ್ಲಿ ಬಿಳಿಯ ರಿಚರ್ಡ್ ಲವಿಂಗ್, ಕಪ್ಪು ಹೆಂಗಸು ಮಿಲ್ಡ್ರೆಡ್ 1958ರಲ್ಲಿ ಮದುವೆಯಾಗಿದ್ದಕ್ಕೆ ಪೊಲೀಸರು ರಾತ್ರಿ ಮನೆಗೆ ನುಗ್ಗಿ ಹಿಡಿದುಕೊಂಡು ಹೋದರು. 1967ರಲ್ಲಿ ಸುಪ್ರೀಂ ಕೋರ್ಟು ಬಿಳಿಯರು-ಕಪ್ಪು ಜನರ ಮದುವೆ ತಡೆಯುವ ಅಂಥ ಕಾಯ್ದೆಗಳನ್ನು ಹೊಡೆದುಹಾಕಿತು. ಆಗಲೂ 16 ರಾಜ್ಯಗಳಲ್ಲಿ ಆ ಕಾಯ್ದೆ ಇತ್ತು. ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಚೌಕಕ್ಕೆ ಟಿಕ್ ಹಾಕಲು ಬಿಟ್ಟಿದ್ದು 2000ದಲ್ಲಿ. 2020ರಲ್ಲಿ 3.38 ಕೋಟಿ ಜನ ಹಾಗೆ ಲೆಕ್ಕಕ್ಕೆ ಬಂದರು. ಹತ್ತು ವರ್ಷ ಮುಂಚೆ 90 ಲಕ್ಷ ಇದ್ದರು. ಅಷ್ಟೊಂದು ಜನ ಹೊಸದಾಗಿ ಹುಟ್ಟಿದ್ದಲ್ಲ, ಪ್ರಶ್ನೆ ಕೇಳುವ, ಉತ್ತರ ಎಣಿಸುವ ರೀತಿ ಬದಲಾಗಿದ್ದೇ ಜಾಸ್ತಿ. ಜನ ಅವರೇ, ಚೌಕ ಬೇರೆ.

ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಅವರನ್ನೇ ನೋಡಿ. ತಾಯಿ ಶ್ಯಾಮಲಾ ತಮಿಳುನಾಡಿನ ಮನೆತನದವರು, ತಂದೆ ಜಮೈಕಾದವರು. ತುಳಸೇಂದ್ರಪುರಂ ಅನ್ನೋ ಅಜ್ಜನ ಊರಿನಲ್ಲಿ 'ನಮ್ಮ ಹುಡುಗಿ' ಅಂತ ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು. ಅಮೆರಿಕದಲ್ಲಿ ಜನ ನೋಡಿದ ಕೂಡಲೇ ಅವರನ್ನು ಕಪ್ಪು ಹೆಂಗಸು ಅಂತಲೇ ಗುರುತಿಸುತ್ತಾರೆ. 2024ರ ಚುನಾವಣೆಯಲ್ಲಿ ಎದುರಾಳಿ ಟ್ರಂಪ್, ಈಕೆ ಮೊದಲು ಇಂಡಿಯನ್ ಅಂತಿದ್ದಳು, ಈಗ ಇದ್ದಕ್ಕಿದ್ದ ಹಾಗೆ ಕಪ್ಪು ಆಗಿದ್ದಾಳೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಒಬ್ಬಳು ಹೆಂಗಸು ಎರಡೂ ಆಗಿರಬಹುದು ಅನ್ನೋದು ಅಷ್ಟು ದೊಡ್ಡ ಮನುಷ್ಯರಿಗೂ ಅರ್ಥವಾಗಲಿಲ್ಲ, ಇನ್ನು ನಿಮ್ಮ ಓರಗಿತ್ತಿಯನ್ನು ಏನಂತ ಬೈಯೋದು.

ಹಾಗಾಗಿ ಮಗುವಿಗೆ ಎರಡೂ ಅಂತಲೇ ಹೇಳಿ. "ನೀನು ಅಪ್ಪನ ಥರ ಬ್ಲ್ಯಾಕ್, ಅಮ್ಮನ ಥರ ಬ್ರೌನ್, ಅಜ್ಜಿ ಥರ ದುರ್ಗದವಳು." ಐದು ವರ್ಷಕ್ಕೆ ಇಷ್ಟು ಸಾಕು. 'ಬ್ಲ್ಯಾಕ್ ಅಲ್ಲ ಬಿಡು ಪುಟ್ಟಾ, ನೀನು ನಮ್ಮವಳು' ಅಂತ ಮಾತ್ರ ಬಾಯಿತಪ್ಪಿಯೂ ಹೇಳಬೇಡಿ. ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಅಲ್ಲಿ ಬೀದಿಗೆ ಇಳಿದರೆ ಅವಳನ್ನು ಕಪ್ಪು ಹುಡುಗಿ ಅಂತಲೇ ನೋಡುತ್ತಾರೆ. ಅಪ್ಪನ ಹೆಸರನ್ನು ಅಜ್ಜಿ ಮನೆಯಲ್ಲಿ ಅಳಿಸಿದರೆ ಅವಳು ಅಲ್ಲಿ ಯಾವುದನ್ನು ಹಿಡಿದುಕೊಂಡು ನಿಲ್ಲಬೇಕು? ನೆಂಟರು 'ಪಾಪ' ಅಂದಾಗ ನೀವು ಸುಮ್ಮನಿರಬೇಡಿ. ಮೂವತ್ತು ಮಕ್ಕಳ ಕ್ಲಾಸನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿದವರು ನೀವು, ಆ ನೋಟ ಇನ್ನೂ ಇದೆ ತಾನೇ?

ಕೂದಲಿನ ವಿಷಯ. ನೀವು ಮಾಡುತ್ತಿರುವ ತಪ್ಪು ನನಗೆ ಗೊತ್ತು, ಒಣ ಕೂದಲಿಗೆ ನಮ್ಮ ಸಣ್ಣ ಹಲ್ಲಿನ ಬಾಚಣಿಗೆ ಹಾಕಿ ನೆತ್ತಿಯಿಂದ ಕೆಳಗೆ ಎಳೆಯುತ್ತಿದ್ದೀರಿ. ಅಂಥ ಸುರುಳಿ ಕೂದಲು ಒಣಗಿದಾಗ ಬಾಚಿದರೆ ಮುರಿಯುತ್ತೆ, ನೋವೂ ಆಗುತ್ತೆ. ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಕಂಡೀಷನರ್ ಹಚ್ಚಿ, ಕೂದಲನ್ನು ನಾಲ್ಕು ಪಾಲು ಮಾಡಿಕೊಳ್ಳಿ. ಒಂದೊಂದು ಪಾಲನ್ನು ಬೆರಳಿನಲ್ಲಿ ಬಿಡಿಸಿ, ಆಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಬುಡ ಕೈಯಲ್ಲಿ ಹಿಡಿದುಕೊಂಡರೆ ಎಳೆತ ನೆತ್ತಿಗೆ ತಾಗೋದಿಲ್ಲ. ದಿನಾ ಶಾಂಪೂ ಬೇಡ, ವಾರಕ್ಕೊಂದು ಸಲ ಸಾಕು. ಬಂದವರು ಹೋದವರೆಲ್ಲ 'ಅಯ್ಯೋ ಸ್ಪಂಜು ಇದ್ದಂಗೈತೆ' ಅಂತ ಮುಟ್ಟೋಕೆ ಬಂದರೆ ಕೈ ತಡೆಯಿರಿ. ಎರಡು ಜಡೆ ಸಡಿಲವಾಗಿ ಹೆಣೆದು ಮಲಗಿಸಿ. ಹತ್ತಿ ದಿಂಬು ಅಂಥ ಕೂದಲಿನ ಎಣ್ಣೆ ಅಂಶ ಹೀರುತ್ತೆ, ಉಜ್ಜಿ ಸಿಕ್ಕು ಮಾಡುತ್ತೆ, ಅದಕ್ಕೆ ಅಲ್ಲಿನ ತಾಯಂದಿರು ಸ್ಯಾಟಿನ್, ರೇಷ್ಮೆ ದಿಂಬು ಹಾಕುತ್ತಾರೆ. ನಿಮ್ಮ ಪೆಟ್ಟಿಗೆಯಲ್ಲಿ ಮಡಿಕೆ ಹತ್ತಿರ ಸೀಳಿದ ಮೊಳಕಾಲ್ಮೂರು ಸೀರೆ ಒಂದಾದರೂ ಇದ್ದೇ ಇರುತ್ತೆ. ಜರಿ ಇಲ್ಲದ ಒಡಲಿನ ಭಾಗ ಕತ್ತರಿಸಿ ಎರಡು ದಿಂಬಿನ ಚೀಲ ಹೊಲಿಸಿ, ಒಂದು ಒಗೆಯೋಕೆ ಹಾಕಿದಾಗ ಇನ್ನೊಂದು ಬೇಕಾಗುತ್ತೆ.